ಅತ್ತೆಯ ಹೊಟ್ಟೆನೋವು

ರೀ,

ನಿಮ್ಮ ಫೋನು ಮನೆಯಲ್ಲೇ ಬಡಿದುಕೊಳ್ಳುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಕೂತುಕೊಳ್ಳಿ.

ಅತ್ತೆಗೆ ಆಗಿದ್ದು ಗ್ಯಾಸ್ ಅಲ್ಲ, ಹಾರ್ಟ್ ಅಟ್ಯಾಕ್!

ನೀವು ಹೊಲಕ್ಕೆ ಹೋದ ಮೇಲೂ ಹೊಟ್ಟೆಯ ಮೇಲ್ಭಾಗ ಒತ್ತಿಕೊಂಡೇ ರೊಟ್ಟಿ ತಟ್ಟುತ್ತಿದ್ದರು. ಓಮದ ನೀರು ಕೊಟ್ಟರೆ ವಾಂತಿಯಾಯಿತು. ಮೈಯೆಲ್ಲ ತಣ್ಣನೆ ಬೆವರು. “ರಾತ್ರಿ ತಿಂದ ಅವರೆಕಾಳು ಹಿಂಗೆ ಮಾಡೈತೆ, ಸುಮ್ನಿರೇ” ಅಂದರು. ನಾನು ಕೇಳದೆ ಆಟೋ ಹತ್ತಿಸಿ ಜಗಳೂರಿನ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಇಸಿಜಿ ಮಾಡಿಸಿದರು. “ನೋವು ಹೊಟ್ಟೆಗೈತೆ, ಎದೆ ಯಾಕ್ ನೋಡ್ತೀರಿ?” ಅಂತ ಅತ್ತೆ ಅವರನ್ನೇ ಗದರಿದರು. ಇಸಿಜಿ ನೋಡುತ್ತಲೇ ಡಾಕ್ಟರ ಮುಖ ಬದಲಾಯಿತು. “ಶುಗರ್ ಇರೋರಿಗೆ ಎಷ್ಟೋ ಸಲ ಎದೆ ನೋಯೋದೇ ಇಲ್ಲಮ್ಮ. ಬೇಗ ಬಂದಿದ್ದು ಒಳ್ಳೇದಾತು” ಅಂದರು.

ಇಂಜೆಕ್ಷನ್ ಕೊಟ್ಟ ಮೇಲೆ ಅತ್ತೆ ಚೆನ್ನಾಗಿ ಮಾತಾಡುತ್ತಿದ್ದಾರೆ. ಆದರೂ ಡಾಕ್ಟರು ದಾವಣಗೆರೆಗೆ ಕಳಿಸುತ್ತಿದ್ದಾರೆ, ಆಂಬುಲೆನ್ಸಿನಲ್ಲಿ ನಾನೂ ಹೋಗುತ್ತೇನೆ. ಅವರ ಆಧಾರ್ ಕಾರ್ಡು, ಸೀರೆ ತೆಗೆದುಕೊಳ್ಳಲು ಮನೆಗೆ ಓಡಿಬಂದಿದ್ದೇನೆ.

ಎಮ್ಮೆಗೆ ನೀರು ಕುಡಿಸಿ. ಎರಡು ತುತ್ತಾದರೂ ಉಂಡು ಹೊರಡಿ. ಈ ಗಾಬರಿಯಲ್ಲಿ ಬೈಕ್ ಮುಟ್ಟಬೇಡಿ, ಬಸ್ಸಿಗೇ ಬನ್ನಿ. ಹತ್ತಿದ ಕೂಡಲೇ ಫೋನ್ ಮಾಡಿ, ಯಾವ ಆಸ್ಪತ್ರೆ ಅಂತ ಹೇಳುತ್ತೇನೆ.

ಇನ್ನೊಂದು ಮಾತು. “ನನ್ನ ಮಗನಿಗೆ ಹೇಳಬ್ಯಾಡ, ಅವನಿಗೆ ತಡಕೊಳ್ಳಾಕೆ ಆಗಲ್ಲ” ಅಂತ ಅತ್ತೆ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಬರೀ ಗ್ಯಾಸ್ ಅಂತಲೇ ತಿಳಿದವರ ಹಾಗೆ ಬನ್ನಿ. ಅಳುವುದಿದ್ದರೆ ಇಲ್ಲೇ ಅತ್ತು, ಮುಖ ತೊಳೆದುಕೊಂಡು ಬನ್ನಿ.

ನಾಗರತ್ನ