ನಿನ್ನ ಅವ್ವ ಸಿನಿಮಾ ನೋಡಿ ಬಂದಿದ್ದಾರೆ

ಪೀರನವಾಡಿ, ಬೆಳಗಾವಿ
೧೨ ಆಗಸ್ಟ್ ೨೦೨೫, ಮಂಗಳವಾರ

ಖಾನಾಪುರದಲ್ಲಿರುವ ಬೀರೇಶನಿಗೆ ಪೂರ್ಣಿಮಾ ಬರೆಯುವುದು.

ನಾನು ಕ್ಷೇಮ. ನೀನೂ ಕ್ಷೇಮವಾಗಿಯೇ ಇರಬೇಕು, ಯಾಕೆಂದರೆ ನಿನಗೆ ಏನಾದರೂ ಆಗಿದ್ದರೆ ನಿನ್ನ ಅವ್ವ ನನಗೆ ಹೇಳುತ್ತಿದ್ದರು. ಅವರು ಶುಕ್ರವಾರದಿಂದ ಇಲ್ಲೇ ಇದ್ದಾರೆ. ಈಗ ಪಡಸಾಲೆಯಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಾರೆ. ಕ್ಲಿನಿಕ್ಕಿನ ಕೆಲಸ ಉಳಿದಿದೆ ಅಂತ ಅವರಿಗೆ ಸುಳ್ಳು ಹೇಳಿ, ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಈ ಕಾಲದಲ್ಲಿ ಕಾಗದ ಯಾಕೆ ಅಂತ ನೀನು ನಗಬಹುದು. ವಾಟ್ಸಾಪಿನಲ್ಲಿ ಬರೆದರೆ ನೀನು ಓದಿದ್ದು ಗೊತ್ತಾಗುತ್ತದೆ, ಓದಿಯೂ ಸುಮ್ಮನಿದ್ದದ್ದು ಗೊತ್ತಾಗುತ್ತದೆ. ಕಾಗದವಾದರೆ ಅಂಚೆಯವರನ್ನು ಬೈದು ಸಮಾಧಾನ ಮಾಡಿಕೊಳ್ಳಬಹುದು.

ಎಲ್ಲಾ ಸುಮಿತನ ಸಿನಿಮಾದಿಂದ ಆದದ್ದು. ನಮ್ಮ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ಬಾರಿಸಿದ್ದಕ್ಕಿಂತ ಹೆಚ್ಚು ಹೊತ್ತು ಅದರ ತಂತಿ ಬಿಗಿಯುತ್ತ ಕೂತಿದ್ದವನು ನಮ್ಮದೇ ಕಥೆ ಇಟ್ಟುಕೊಂಡು ಸಿನಿಮಾ ಮಾಡಿಯೇಬಿಟ್ಟ. ನೀನು ನೋಡಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಹೋದ ಬುಧವಾರ ಅರ್ಧ ದಿನ ರಜೆ ಹಾಕಿ ಒಬ್ಬಳೇ ಹೋಗಿ ನೋಡಿ ಬಂದೆ. ಅದು ಕಾಮಿಡಿ ಸಿನಿಮಾ. ಸುಮಿತ ಬರೆದದ್ದು ದುಃಖದ ಕಥೆಯೇ ಅಂತೆ. ಬೆಂಗಳೂರಿನಲ್ಲಿ ನಿರ್ಮಾಪಕರ ಮುಂದೆ ಮೊದಲ ಪುಟ ಓದಿದಾಗಲೇ ಅವರು ಬಿದ್ದು ಬಿದ್ದು ನಕ್ಕರಂತೆ, ನಮ್ಮ ಮಾತೇ ಹಾಗಿದೆ ಅಂತ. ಹುಡುಗಿ ಸೋತು ಕೂತು ‘ನಂಗ ಯಾರೂ ಇಲ್ಲ ನೋಡ್ಪಾ’ ಅನ್ನುವಲ್ಲಿ ಒಬ್ಬರು ಕಣ್ಣೀರು ಒರೆಸಿಕೊಂಡು ನಕ್ಕರಂತೆ. ನಮ್ಮ ಭಾಷೆಯಲ್ಲಿ ಅತ್ತರೂ ಅಲ್ಲಿನವರಿಗೆ ನಗು ಬರುತ್ತದೆ ಎಂದ ಮೇಲೆ ಸುಮಿತ ತಾನೇನು ಮಾಡಲಿ, ಕಾಮಿಡಿ ಅಂತಲೇ ಒಪ್ಪಿಕೊಂಡ.

ಬ್ಯಾಂಡಿನ ಹೆಸರು ಮಾತ್ರ ಬದಲಿಸಿಲ್ಲ. ‘ಅಂಡರ್‌ಗ್ರೌಂಡ್’ ಬ್ಯಾಂಡ್ ಅಂದರೇನು ಅಂತ ನಿನ್ನ ಅವ್ವನಿಗೆ ತಿಳಿಸಲು ಹೋಗಿ ನೀನು ಜೋಳ ತುಂಬಿಡುವ ಹಗೇವಿನ ಹೋಲಿಕೆ ಕೊಟ್ಟಿದ್ದೆ: ನೆಲದೊಳಗೆ ಇರುತ್ತದೆ, ಮೇಲಿನವರಿಗೆ ಕಾಣುವುದಿಲ್ಲ ಅಂತ. ‘ಹಂಗಾರ ಕಾಳು ಎಷ್ಟು ತುಂಬೀರಿ?’ ಅಂತ ಅವರು ಕೇಳಿದ್ದರು. ಆವತ್ತೇ ನಾವು ‘ಹಗೇವು’ ಆದೆವು. ಕಾಳಂತೂ ಕೊನೆಯವರೆಗೂ ತುಂಬಲಿಲ್ಲ.

ಸಿನಿಮಾದಲ್ಲಿ ನಾನು ಡ್ರಮ್ಮು ಬಾರಿಸುವುದಿಲ್ಲ. ಹೀರೋಯಿನ್ನಿನ ಮುಖ ಡ್ರಮ್ಮಿನ ಹಿಂದೆ ಮುಚ್ಚಿಹೋಗುತ್ತದಂತೆ, ಅದಕ್ಕೆ ಆಕೆಗೆ ಮೈಕು ಕೊಟ್ಟು, ಡ್ರಮ್ಮಿಗೆ ಒಬ್ಬ ದಪ್ಪನೆಯ ಹಾಸ್ಯನಟನನ್ನು ಕೂರಿಸಿದ್ದಾರೆ. ಶಹಾಪುರದ ನಮ್ಮಪ್ಪನ ಮಗ್ಗದ ಶೆಡ್ಡು ಮಾತ್ರ ಇದ್ದ ಹಾಗೇ ಇದೆ. ಪಾವರ್‌ಲೂಮುಗಳ ಸದ್ದಿನಲ್ಲಿ ನಾವು ಹಿಂದಿನ ಕೋಣೆಯಲ್ಲಿ ಎಷ್ಟು ಕಿರುಚಿದರೂ ಓಣಿಗೆ ಕೇಳದೇ ಇದ್ದದ್ದು, ನಾನು ಮಗ್ಗದ ತಾಳಕ್ಕೇ ಬಾರಿಸುತ್ತಿದ್ದದ್ದು, ಕರೆಂಟು ಹೋದರೆ ಮಗ್ಗದ ಜೊತೆ ನನ್ನ ಕೈಯೂ ನಿಲ್ಲುತ್ತಿದ್ದದ್ದು, ಎಲ್ಲಾ ಬಂದಿದೆ. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ ಅಂತ ತುಟಿ ನೋಡಿ ಮಾತು ತಿಳಿಯುವುದನ್ನು ನಾನು ನಿನಗೆ ಕಲಿಸಿದ್ದು, ನೀನು ಧೈರ್ಯ ಮಾಡಿ ‘ನಿನ್ನ ಮ್ಯಾಲೆ ಮನಸಾಗೇತಿ’ ಅಂತ ಕೂಗುವ ಹೊತ್ತಿಗೇ ಕರೆಂಟು ಹೋಗಿ ಇಡೀ ಶೆಡ್ಡಿಗೆ ಕೇಳಿಸಿದ್ದು ಕೂಡ. ಥಿಯೇಟರಿನಲ್ಲಿ ಅತಿ ಹೆಚ್ಚು ನಗು ಅದಕ್ಕೇ ಬಿತ್ತು. ನಾನೂ ನಕ್ಕೆ. ನನ್ನ ಆಚೀಚೆ ಎರಡೂ ಕುರ್ಚಿ ಖಾಲಿ ಇದ್ದವು.

ಆಮೇಲಿನದೇ ಸುಳ್ಳು. ಸಿನಿಮಾದಲ್ಲಿ ಅವರಿಬ್ಬರೂ ತಟ್ಟೆ, ಸಿಂಬಲ್ಲು ಎಸೆದಾಡಿ ಜಗಳವಾಡುತ್ತಾರೆ. ನಾವು ಜಗಳವನ್ನೇ ಆಡಲಿಲ್ಲವಲ್ಲ ಬೀರೇಶ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅಪ್ಪ ಮಗ್ಗ ಮಾರಿದರು, ಬ್ಯಾಂಡು ನಿಂತಿತು, ಮದುವೆಯಾಗಿ ಈ ಮನೆಗೆ ಬಂದೆವು. ನೀನು ಮದುವೆ, ಮೆರವಣಿಗೆಗಳಿಗೆ ಡಾಲ್ಬಿ ಹಚ್ಚಿ ಆ ದೊಡ್ಡ ಪೆಟ್ಟಿಗೆಗಳ ಸದ್ದು ಕಿವಿಯಲ್ಲಿ ತುಂಬಿಕೊಂಡು ಬರುತ್ತಿದ್ದೆ; ನಿನಗೆ ಮನೆಯಲ್ಲಿ ಸದ್ದು ಬೇಡ. ನಾನು ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಸದ್ದೇ ಹೊಗದ ಕೋಣೆಯ ಎದುರು ಕೂತು, ‘ಈಗ ಕೇಳಿಸ್ತೇನ್ರಿ?’ ಅಂತ ಮುದುಕರನ್ನು ಕೇಳಿ ಕೇಳಿ ಬರುತ್ತಿದ್ದೆ. ನನಗೆ ಮಾತು ಬೇಕು. ಗದ್ದಲದಲ್ಲಿ ಮಾತಾಡಲು ಕಲಿತವರು ನಾವು, ಸುಮ್ಮನಿರುವ ಮನೆಯಲ್ಲಿ ಏನು ಮಾತಾಡಬೇಕೋ ತಿಳಿಯಲಿಲ್ಲ. ಹೋದ ವರ್ಷ ನೀನು ಗಣಪತಿ ಹಬ್ಬ ಮುಗಿಯುವ ತನಕ ಖಾನಾಪುರದಲ್ಲಿ ಡಾಲ್ಬಿ ಅಂಗಡಿಯ ಮೇಲಿನ ಕೋಣೆಯಲ್ಲೇ ಇರುತ್ತೇನೆ ಅಂದು ಹೋದೆ. ಈಗ ಇನ್ನೊಂದು ಗಣಪತಿ ಬಂತು.

ಸಿನಿಮಾದ ಕೊನೆಯಲ್ಲಿ ಹೀರೋ ಗಿಟಾರ್ ಹೆಗಲಿಗೇರಿಸಿ ಖಾನಾಪುರದಿಂದ ಬೆಳಗಾವಿಗೆ ಮಳೆಯಲ್ಲಿ ಓಡುತ್ತಾ ಬರುತ್ತಾನೆ. ಹಿಂದಿನ ಸಾಲಿನ ಯಾರೋ ‘ಯಾಕ, ಬಸ್ಸಿಗೆ ಏನಾಗೇತಿ?’ ಅಂತ ಕೇಳಿದ, ಎಲ್ಲರೂ ನಕ್ಕರು. ನನಗೂ ಅದೇ ಪ್ರಶ್ನೆ ಇತ್ತು. ಆಮೇಲೆ ಇಬ್ಬರೂ ಒಂದಾಗುತ್ತಾರೆ, ಬ್ಯಾಂಡು ಮತ್ತೆ ಹಾಡುತ್ತದೆ, ಜನ ಶಿಳ್ಳೆ ಹೊಡೆಯುತ್ತಾರೆ.

ನಿಮ್ಮ ಪಾರಿಶ್ವಾಡದಲ್ಲಿ ಶೂಟಿಂಗ್ ನಡೆದಾಗ ಜನರ ಗುಂಪಿನಲ್ಲಿ ನಿಂತಿದ್ದ ನಿಮ್ಮೂರ ಹೆಂಗಸರು ಶುಕ್ರವಾರ ಟೆಂಪೊ ಮಾಡಿಕೊಂಡು ತಮ್ಮ ಮುಖ ನೋಡಿಕೊಳ್ಳಲು ಬೆಳಗಾವಿಗೆ ಬಂದಿದ್ದಾರೆ. ಅವರ ಜೊತೆ ನಿನ್ನ ಅವ್ವನೂ. ಮಧ್ಯಾಹ್ನ ನಾನು ಬಾಗಿಲು ತೆಗೆದರೆ ಒಂದು ಚೀಲ ಹಿಡಿದು ಒಬ್ಬರೇ ನಿಂತಿದ್ದರು. ‘ಸಿನಿಮಾಕ್ಕ ಹೋಗಿದ್ದೆ. ಹಂಗ ಈ ಕಡೆ ಬಂದೆ. ಒಳಗ ಬರ್ಲೇನವಾ?’ ಅಂದರು. ನಾವು ಬೇರೆ ಇರುವುದನ್ನು ನೀನು ಊರಲ್ಲಿ ಹೇಳಿಲ್ಲ, ನಾನು ಶಹಾಪುರದಲ್ಲಿ ಹೇಳಿಲ್ಲ. ಸಿನಿಮಾದ ಕೊನೆ ನೋಡಿ, ಮಗ ಸೊಸೆ ಸುಖವಾಗಿದ್ದಾರೆ ಅಂತ ನಂಬಿ, ಕಣ್ಣಾರೆ ಕಂಡು ಹೋಗಲು ಬಂದಿದ್ದಾರೆ ಅಂತ ತಿಳಿದೆ. ಅವರು ಕೇಳುವ ಮೊದಲೇ ‘ಅವರು ಡ್ಯೂಟಿಗೆ ಹೋಗ್ಯಾರ್ರಿ ಅತ್ತಿ’ ಅಂದುಬಿಟ್ಟೆ. ನಿನ್ನನ್ನು ‘ಅವರು’ ಅಂದಾಗ ನನಗೇ ಯಾರ ಬಗ್ಗೆ ಹೇಳುತ್ತಿದ್ದೇನೆ ಅನ್ನಿಸಿತು. ನಿನ್ನ ಅವ್ವ ‘ಹೂಂ’ ಅಂದರು. ಕೋಲ್ಹಾಪುರದ ಕಡೆ ದೊಡ್ಡ ಆರ್ಡರು, ಅಲ್ಲಿ ಫೋನು ಎತ್ತಲು ಬಿಡುವುದಿಲ್ಲ, ನಸುಕಿನಲ್ಲಿ ಬಂದು ಮತ್ತೆ ನಸುಕಿನಲ್ಲೇ ಹೋಗುತ್ತಾರೆ ಅಂತೆಲ್ಲ ನಾನೇ ಹೇಳಿದೆ. ಒಂದು ಸುಳ್ಳಿಗೆ ಹತ್ತು ಸುಳ್ಳು ಅನ್ನುತ್ತಾರಲ್ಲ, ನಾನು ಹತ್ತಕ್ಕೆ ನಿಲ್ಲಲಿಲ್ಲ.

ಈಗ ನಾನು ಮಾಡುತ್ತಿರುವುದನ್ನು ಸುಮಿತನಿಗೆ ಹೇಳಬೇಡ, ಎರಡನೇ ಭಾಗ ತೆಗೆದಾನು. ಬೆಳಿಗ್ಗೆ ಅವರಿಗಿಂತ ಮೊದಲು ಎದ್ದು ನಿನ್ನ ಹಳೆಯ ಟವೆಲ್ಲನ್ನು ಒದ್ದೆ ಮಾಡಿ ಒಣಹಾಕುತ್ತೇನೆ. ಎರಡು ಕಪ್ಪಿಗೆ ಚಹಾ ಸುರಿದು ಒಂದನ್ನು ನಾನೇ ಕುಡಿದು ತೊಳೆಯಲು ಇಡುತ್ತೇನೆ. ರಾತ್ರಿ ನಿನಗೆ ಅಂತ ಅವರು ಎರಡು ರೊಟ್ಟಿ, ಪಲ್ಯ ಮುಚ್ಚಿಡುತ್ತಾರೆ. ಅದನ್ನು ಡಬ್ಬಿಗೆ ಹಾಕಿಕೊಂಡು ಕ್ಲಿನಿಕ್ಕಿನಲ್ಲಿ ತಿನ್ನುತ್ತೇನೆ. ‘ಉಂಡನೇನು?’ ಅಂತ ಕೇಳುತ್ತಾರೆ. ಉಂಡರು ಅನ್ನುತ್ತೇನೆ. ‘ಏನಂದ?’ ಅಂತ ನಿನ್ನೆ ಕೇಳಿದರು. ಪಲ್ಯ ಚೊಲೋ ಆಗೇತಿ ಅಂದರು ಅಂತ ಹೇಳಿದೆ. ಖರೇ ಹೇಳಬೇಕೆಂದರೆ ಈ ನಾಲ್ಕು ದಿನ ನೀನು ನನ್ನ ಜೊತೆ ಆಡಿದಷ್ಟು ಮಾತು ನೀನು ಇಲ್ಲಿದ್ದಾಗ ಆಡಿರಲಿಲ್ಲ.

ಅವರಿಗೆ ನಿಜ ಹೇಳು ಅಂತ ನೀನು ಅನ್ನಬಹುದು. ಎರಡೂ ಮನೆಯಿಂದ ನಮ್ಮ ಮದುವೆಗೆ ಬಂದವರು ಅವರೊಬ್ಬರೇ. ನಮ್ಮಪ್ಪ ಬಸಯ್ಯ ಇಂದಿಗೂ ಈ ಹೊಸ್ತಿಲು ದಾಟಿಲ್ಲ, ನಿನ್ನ ಅಣ್ಣ ರಾಯಪ್ಪ ನಮ್ಮ ಹೆಸರೆತ್ತುವುದಿಲ್ಲ. ‘ಯಾ ಜಾತಿ ಆದ್ರೇನು, ನನ್ನ ಮಗನ ಜೋಡಿ ನಗತಾಳಲ್ಲ, ಸಾಕು’ ಅಂದವರಿಗೆ ನಾವು ನಗುವುದನ್ನು ಬಿಟ್ಟು ವರ್ಷವಾಯಿತು ಅಂತ ಹೇಗೆ ಹೇಳಲಿ. ಇನ್ನೂ ಒಂದು ಕಾರಣವಿದೆ. ಹೇಳಿದರೆ ಅವರು ಚೀಲ ಎತ್ತಿಕೊಂಡು ಹೋಗಿಬಿಡುತ್ತಾರೆ. ಕೆಲಸದಿಂದ ಬರುವಾಗ ಒಳಗೆ ಯಾರೋ ಕೆಮ್ಮುವ ಸದ್ದು ಕೇಳುತ್ತದೆ, ಅದು ನಿಲ್ಲುವುದು ನನಗೆ ಬೇಡ.

ಅದಕ್ಕೆ ನಿನ್ನಲ್ಲಿ ಒಂದೇ ಬೇಡಿಕೆ. ಈ ಭಾನುವಾರ ಒಂದು ದಿನದ ಮಟ್ಟಿಗೆ ಬಾ. ಡ್ಯೂಟಿಯಿಂದ ಬಂದವನ ಹಾಗೆ ಬಂದು, ಅವರ ಕೈಯಡಿಗೆ ಉಂಡು, ನನ್ನ ಜೊತೆ ನಾಲ್ಕು ಮಾತಾಡು. ಏನು ಮಾತಾಡಬೇಕು ಅಂತ ತಿಳಿಯದಿದ್ದರೆ ಸುಮ್ಮನೆ ತುಟಿ ಅಲ್ಲಾಡಿಸು, ನಾನು ತಿಳಿದುಕೊಳ್ಳುತ್ತೇನೆ. ಸಂಜೆ ಅವರನ್ನು ಊರಿಗೆ ಕರೆದೊಯ್ಯುವ ನೆವದಲ್ಲಿ ನೀನೂ ಹೋಗಬಹುದು. ಶುಕ್ರವಾರ ಅಂಚೆಗೆ ರಜೆ, ಆದ್ದರಿಂದ ನಾಳೆ ಬೆಳಿಗ್ಗೆಯೇ ಡಬ್ಬಿಗೆ ಹಾಕುತ್ತೇನೆ.

ಸೊಪ್ಪು ಸೋಸಿ ಮುಗಿಯಿತು, ಕರೆಯುತ್ತಿದ್ದಾರೆ.

ಇಂತಿ,
‘ಹಗೇವು’ ಬ್ಯಾಂಡಿನ ಡ್ರಮ್ಮರ್, ಸದ್ಯಕ್ಕೆ ನಿನ್ನ ಹೆಂಡತಿ,
ಪೂರ್ಣಿಮಾ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದ್ದೇನೆ. ಮಂಗಳವಾರ ಸಂಜೆ ನಿನ್ನ ಅವ್ವ ನಿನಗೆ ಫೋನ್ ಮಾಡಿದ್ದು ನೆನಪಿರಬೇಕು. ಎಲ್ಲಿದ್ದೀ ಅಂತ ಕೇಳಿದ್ದಕ್ಕೆ ನೀನು, ‘ಮನ್ಯಾಗ ಅದೀನಬೇ, ಪೂರ್ಣಿ ರೊಟ್ಟಿ ಬಡ್ಯಾಕತ್ತಾಳ, ಉಣ್ಣಾಕ ಕುಂತೀನಿ’ ಅಂದೆ. ಫೋನು ಸ್ಪೀಕರಿನಲ್ಲಿತ್ತು. ನಾನು ಅವರೆದುರಿಗೆ ಹಿಟ್ಟಿನ ಕೈಯಲ್ಲಿ ನಿಂತಿದ್ದೆ. ಅವರು ‘ಹೂಂ, ಉಣ್ಣು’ ಅಂತ ಫೋನ್ ಇಟ್ಟರು.

ನಾನು ಅಳಲು ಶುರು ಮಾಡಿದೆ. ಸಿನಿಮಾದ ಕೊನೆ ನೋಡಿ ನಂಬಿಕೊಂಡು ಬಂದಿರಿ, ಅದಕ್ಕೆ ಹೇಳಲಾಗಲಿಲ್ಲ ಅಂದೆ. ಕೊನೆ ಹೇಗಿದೆ ಅಂತ ಅವರು ನನ್ನನ್ನೇ ಕೇಳಿದರು. ಅವರು ಇಂಟರ್ವಲ್ಲಿಗೇ ಎದ್ದು ಬಂದಿದ್ದರಂತೆ. ಮೇಲೆ ನಿನಗೆ ಬರೆಯದೆ ಬಿಟ್ಟ ಒಂದು ದೃಶ್ಯವಿದೆ. ಇಂಟರ್ವಲ್ಲಿಗೆ ಮುಂಚೆ ಹೀರೋಯಿನ್ ಒಬ್ಬಳೇ ಮನೆಯಲ್ಲಿ ಕೂತು, ಖಾಲಿ ಮಿಕ್ಸಿಯನ್ನು ಗರ್ ಅನ್ನಿಸಿ, ಆ ಸದ್ದಿನಲ್ಲಿ ಅದರ ಜೊತೆ ಮಾತಾಡುತ್ತಾ ಉಣ್ಣುತ್ತಾಳೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಿನ್ನ ಅವ್ವ ಎದ್ದು ಬಂದದ್ದು ಅದನ್ನು ನೋಡಿಯೇ. ಅದನ್ನು ಸುಮಿತನಿಗೆ ತಮಾಷೆ ಅಂತ ಹೇಳಿದವಳು ನಾನೇ, ನಾನು ದಿನಾ ಮಾಡುವುದೇ ಅದು.

‘ನೀವು ಕೂಡಿ ಇಲ್ಲಾಂತ ನನಗ ಅವ ಊರಿಗೆ ಬಂದು ಉಣ್ಣೂದು ನೋಡೇ ತಿಳಿದಿತ್ತು. ಅವನ ಚಿಂತಿ ಮಾಡಿಕೋತ ಕುಂತಿದ್ದೆ. ನಿಂದು ಮಾಡಿದ್ದಿಲ್ಲ’ ಅಂದರು. ಆಮೇಲೆ ನನ್ನ ಕೈಯ ಹಿಟ್ಟು ಒರೆಸುತ್ತಾ, ‘ನಾ ನನ್ನ ಮಗನ ಮನಿಗೆ ಬಂದಿಲ್ಲ ಯವ್ವಾ, ನಿನ್ನ ಮನಿಗೆ ಬಂದೀನಿ’ ಅಂದರು. ದಸರೆಯ ತನಕ ಇರುತ್ತಾರಂತೆ.

ಆದ್ದರಿಂದ ಭಾನುವಾರ ನಟಿಸಲು ಬರುವುದು ಬೇಕಾಗಿಲ್ಲ. ಸುಮ್ಮನೆ ಬರುವುದಾದರೆ ಬಾ. ಬೆಲ್ ಕೆಟ್ಟಿದೆ, ಬಾಗಿಲು ಬಡಿ. ಒಳಗೆ ಇಬ್ಬರಿದ್ದೇವೆ, ಯಾರಿಗಾದರೂ ಒಬ್ಬರಿಗೆ ಕೇಳಿಸುತ್ತದೆ.