ಹಡಗಿನ ಕೆಂಪು ಕಿಟಕಿ

ಸಿರುಗುಪ್ಪ

ಅಪ್ಪನವರಿಗೆ ಮೀನಾಕ್ಷಿಯ ನಮಸ್ಕಾರ.

ಇವತ್ತು ಬೆಳಿಗ್ಗೆ ನಮ್ಮ ಶಾಲೆಯಲ್ಲಿ, ನೀವು ಮಾಡಿಕೊಟ್ಟ ‘ವಿರಾಟ್’ ವಿಮಾನವಾಹಕ ಹಡಗಿನ ಮಾದರಿಯ ಧೂಳು ಒರೆಸುವಾಗ ಬೆರಳಿಗೆ ಬೂದು ಬಣ್ಣ ಹತ್ತಿತು. ನೋಡಿದರೆ ಅಡುಗೆಮನೆಯ ಕೆಂಪು ಕಿಟಕಿ ಕಾಣಲಿಲ್ಲ. “ಇಲ್ಲೇ ನಾ ಅದೀನಿ ನೋಡವ್ವ, ಸಾವಿರ ಮಂದಿಗೆ ಚಪಾತಿ ಬೇಯಿಸ್ಕೋತ” ಎಂದು ನೀವು ತೋರಿಸಿದ್ದ ಕಿಟಕಿ ಅದು.

ಮಾದರಿಯ ಪಕ್ಕದ ಇತಿಹಾಸದ ಫಲಕ ಬರೆದವಳು ನಾನು. ಬ್ರಿಟಿಷರ ಹಡಗು 1987ರಲ್ಲಿ ನಮ್ಮ ನೌಕಾಪಡೆಗೆ ಬಂದದ್ದು, ಮೂವತ್ತು ವರ್ಷ ದುಡಿದದ್ದು, ಕೊನೆಗೆ ಗುಜರಾತಿನ ಅಲಂಗ್‌ನಲ್ಲಿ ಗುಜರಿಗೆ ಒಡೆಸಿಕೊಂಡದ್ದು, ಎಲ್ಲವನ್ನೂ ಸರಿಯಾಗಿ ಬರೆದೆ. ನಿಮ್ಮ ಹೆಸರಿನ ಮುಂದೆ ಮಾತ್ರ ‘ಎಂಜಿನ್ ವಿಭಾಗ’ ಎಂದು ಬರೆದೆ. “ನಿಮ್ಮಪ್ಪಾರು ವಿಮಾನ ಹಾರಿಸ್ತಿದ್ರೋ, ಬರೇ ನೋಡ್ತಿದ್ರೋ?” ಎಂದು ನಮ್ಮ ಮುಖ್ಯೋಪಾಧ್ಯಾಯಿನಿ ಶೀಲಾ ಮೇಡಂ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೇಳಿದಾಗ, ಅಡುಗೆಯವರೆನ್ನಲು ನಾಚಿ, ಎಂಜಿನ್ ನೋಡಿಕೊಳ್ಳುತ್ತಿದ್ದರು ಎಂದುಬಿಟ್ಟಿದ್ದೆ.

ನಿನ್ನೆ ನೀವು ಕುರುಗೋಡಿನಿಂದ ಬಂದು ಫಲಕ ಓದಿ, “ಅಕ್ಷರ ಚಲೋ ಅದಾವವ್ವ” ಎಂದಷ್ಟೇ ಅಂದಿರಿ. ನಾನು ಚಹಾ ತರಲು ಹೋದಾಗ, ಹಡಗಿನ ಮೇಲಿನ ಗೀರು ಮುಚ್ಚಲು ತಂದಿದ್ದ ಬೂದು ಬಣ್ಣದಿಂದ ಕಿಟಕಿಯನ್ನೇ ಮುಚ್ಚಿದ್ದೀರಿ. ನನ್ನ ಸುಳ್ಳು ಯಾರ ಕಣ್ಣಿಗೂ ಬೀಳದಿರಲೆಂದು.

ಫೋನಿನಲ್ಲಿ ಹೇಳಲಾಗದೆ ಈ ಪತ್ರವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬನ್ನಿ. ಸಣ್ಣ ಬ್ರಷ್ ತನ್ನಿ. ಕೆಂಪು ಬಣ್ಣವನ್ನು ನಾನು ಬಳ್ಳಾರಿಯಿಂದ ತರಿಸುತ್ತೇನೆ. ಊಟ ನಮ್ಮಲ್ಲೇ.

ಫಲಕ ಇಳಿಸಿದ್ದೇನೆ. ಶನಿವಾರ ಪ್ರಾರ್ಥನೆಯ ಹೊತ್ತಿಗೆ, ಶೀಲಾ ಮೇಡಂ ಇರುವಾಗಲೇ, ಹೊಸದನ್ನು ನಾನೇ ಗಟ್ಟಿಯಾಗಿ ಓದುತ್ತೇನೆ: ಹುಲುಗಪ್ಪ, ಹಡಗಿನ ಅಡುಗೆಯವರು.

ನಿಮ್ಮ ಮಗಳು,
ಮೀನಾಕ್ಷಿ