ನನ್ನ ಪರವಾಗಿ ಮಾತಾಡುವವರು

ಸೆಪ್ಟೆಂಬರ್ ೯

ಪ್ರೀತಿಯ ಗುಬ್ಬೀ,

ನಿನ್ನ ಕಾಗದ ಇಷ್ಟು ದಿನ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಬೈದುಕೋ, ಆದರೆ ಇದನ್ನು ಓದಿ ಮುಗಿಸಿ ಬೈದುಕೋ. ಮೊಣಕಾಲು ಹೇಗಿದೆ? ಶಾಲೆಯ ಮೆಟ್ಟಿಲು ಹತ್ತಬೇಡ ಎಂದರೆ ನೀನು ಕೇಳುವವಳಲ್ಲ. ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದ ಹಾಸ್ಟೆಲಿನಲ್ಲೂ ಅಷ್ಟೇ, ಓದೋಕೆ ಕೂರೇ ಎಂದರೆ ತಾರಸಿಯ ಮೇಲಿರುತ್ತಿದ್ದೆ.

ನನ್ನ ಸುದ್ದಿ ಅಷ್ಟು ಚೆನ್ನಾಗಿಲ್ಲ. ಎಡಗಿವಿಯ ಹಿಂದೆ, ತಲೆಯೊಳಗೆ ಒಂದು ಗಡ್ಡೆ ಬೆಳೆದಿದೆ. ಗಡ್ಡೆ ಕೆಟ್ಟದ್ದಲ್ಲವಂತೆ, ಅದು ಕೂತಿರುವ ಜಾಗ ಕೆಟ್ಟದ್ದಂತೆ. ಮುಂದಿನ ತಿಂಗಳ ಮೊದಲ ವಾರ ಆಪರೇಷನ್. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ಆಮೇಲೆ ನಾನು ನಿನ್ನನ್ನು ಸಮಾಧಾನ ಮಾಡಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸವನ್ನು ನೀನು "ಡಾಕ್ಟ್ರಿಗೂ ಕಾನೂನಿಗೂ ಜಗಳ ಹಚ್ಚೋದು" ಎನ್ನುತ್ತಿದ್ದೆ. ನಾನೂ ಎಂದೂ ಬಿಡಿಸಿ ಹೇಳಲಿಲ್ಲ. ರೋಗಿಗೆ ಎಚ್ಚರ ತಪ್ಪಿದಾಗ ಅವರ ಬದಲು ನಿರ್ಧಾರ ಮಾಡುವವರು ಯಾರು? ಈ ಒಂದು ಪ್ರಶ್ನೆಯ ಬೆನ್ನು ಹತ್ತಿಯೇ ನನ್ನ ಪಿಎಚ್‌.ಡಿ.ಯೂ ಪುಸ್ತಕವೂ ಆದವು, ತಲೆಗೂದಲೂ ನೆರೆಯಿತು. ರಕ್ತಸಂಬಂಧ ಎಂದ ಮಾತ್ರಕ್ಕೆ ಆ ಹಕ್ಕು ಬರಬಾರದು, ರೋಗಿಯೇ ಮೊದಲು ಒಬ್ಬರನ್ನು ಆರಿಸಿಕೊಳ್ಳಲಿ ಎಂದು ವಾದಿಸಿದೆ. ನಮ್ಮ ಆಸ್ಪತ್ರೆಯ ವೈದ್ಯನೀತಿ ಸಮಿತಿ ಒಪ್ಪಿ, ನಿಯಮ ಬರೆಯುವ ಹೊಣೆಯನ್ನೂ ನನಗೇ ಕೊಟ್ಟಿತು. ಆಸೆಪಟ್ಟು ಬರೆದೆ. ಹಾಗೆ ಆಯ್ಕೆಯಾದವರು ರೋಗಿಯಿಂದ ಸಂಬಳ ಪಡೆಯುವವರಾಗಿರಬಾರದು, ಅವರ ಕೈಕೆಳಗಿನವರಾಗಿರಬಾರದು, ಆಸ್ಪತ್ರೆಗೆ ಸೇರಿದವರಾಗಿರಬಾರದು. ಹಂಗು ಇರುವ ಕಡೆ ಮಾತು ನೆಟ್ಟಗಿರುವುದಿಲ್ಲ ಎಂದು ನಂಬಿದ್ದೆ. ಈಗಲೂ ನಂಬಿದ್ದೇನೆ.

ನನ್ನ ತಲೆ ತೆರೆಯಲಿರುವ ಸರ್ಜನ್ ಕೂಡ ಅದೇ ಸಮಿತಿಯವರು. ಹೋದ ವಾರ ಅವರ ಕೋಣೆಯಲ್ಲಿ, "ಮೇಡಂ, ನಿಮ್ಮ ಪರವಾಗಿ ಯಾರು?" ಎಂದರು. ನನ್ನ ಸಂಶೋಧನಾ ವಿದ್ಯಾರ್ಥಿನಿಯ ಹೆಸರು ಹೇಳಿದೆ.

"ಆ ಹುಡುಗಿ ಥೀಸಿಸ್‌ಗೆ ಸಹಿ ಹಾಕೋರು ನೀವು. ಆಗಲ್ಲ."

"ಸರಿ, ಅಡುಗೆಗೆ ಬರ್ತಾರಲ್ಲ, ಅವರು. ನನ್ನ ಮುಖ ನೋಡಿದ್ರೇ ಜ್ವರ ಇದೆ ಅಂತ ಹೇಳ್ತಾರೆ."

"ಸಂಬಳ ಕೊಡ್ತೀರಲ್ಲ."

"ಹಾಗಾದ್ರೆ ನೀವೇ ಆಗಿಬಿಡಿ."

"ನಾನು ಕತ್ತಿ ಹಿಡಿಯೋನು ತಾಯಿ." ಅವರು ನಕ್ಕರು. "ಒಳ್ಳೇ ಸೊಳ್ಳೆಪರದೆ ಹೊಲಿದಿದೀರಿ. ಸೊಳ್ಳೆ ಇರಲಿ, ಗಾಳಿನೂ ಬರಲ್ಲ."

ನಾನೂ ನಕ್ಕೆ. ಆಮೇಲೆ ಅವರು ದನಿ ತಗ್ಗಿಸಿ, "ಈ ಸಲ ಒಂಚೂರು ಸಡಿಲ ಬಿಡೋಣ. ಯಾರು ಕೇಳ್ತಾರೆ?" ಎಂದರು. ಬೇಡ ಎಂದೆ. ನನಗೆ ಸಡಿಲ ಬಿಟ್ಟರೆ, ನಾಳೆ ಸೋದರಮಾವನ ಆಸ್ತಿಗೆ ಕಣ್ಣಿಟ್ಟ ಅಳಿಯನಿಗೂ ಬಿಡಬೇಕಾಗುತ್ತದೆ.

ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ಆ ನಿಯಮ ಬರೆಯುವಾಗ ಕೆಟ್ಟವರನ್ನು ಹೊರಗಿಡುತ್ತಿದ್ದೇನೆ ಎಂದುಕೊಂಡಿದ್ದೆ. ನಾನು ಸಂಬಳ ಕೊಡುವವರು, ನಾನು ಪಾಠ ಹೇಳುವವರು, ನನ್ನ ಜೊತೆ ಸಭೆಯಲ್ಲಿ ಕೂರುವವರು. ಅಣ್ಣ ಹೋದ ಮೇಲೆ ನನ್ನ ಬದುಕಿನಲ್ಲಿ ಇವರನ್ನು ಬಿಟ್ಟು ಯಾರೂ ಇಲ್ಲ ಎಂಬುದು ಆಗ ಹೊಳೆಯಲಿಲ್ಲ. ಮನೆಗೆ ಬಂದು ದೀಪ ಹಾಕದೆ ಸ್ವಲ್ಪ ಹೊತ್ತು ಚಪ್ಪಲಿಯಲ್ಲೇ ಕೂತಿದ್ದೆ.

ನೀನಿದ್ದೀಯ. ನನ್ನ ಹಂಗು ನಿನಗಿಲ್ಲ. ನೀನು ಆಗುತ್ತೀಯಾ?

ನನಗೆ ಏನು ಬೇಕೆಂದು ನಿನಗೆ ಗೊತ್ತಿರಬೇಕು. ಎಷ್ಟೋ ಹಾಸಿಗೆಗಳ ಪಕ್ಕ ನಿಂತು "ನಿಮಗೆ ಯಾವುದು ಬದುಕು ಅನ್ಸುತ್ತೆ?" ಎಂದು ಕೇಳಿದವಳು ನಾನು. ನನ್ನ ಸರದಿ ಬಂದಾಗ ಹಾಳೆಯ ಮೇಲೆ ಹಾಳೆ ಬರೆದು ಹರಿದೆ. ಕೊನೆಗೆ ಸಿಕ್ಕಿದ್ದು ಇಷ್ಟೇ: ಯಾರಾದರೂ ಒಂದು ಪದ್ಯ ಓದಿದಾಗ, ಅದು ಮುಗಿಯಿತು ಎಂದು ನನಗೆ ತಿಳಿಯುವಂತಿದ್ದರೆ ನನ್ನನ್ನು ಉಳಿಸಿಕೋ. ನಡೆಯದಿದ್ದರೂ, ಮಾತು ಬರದಿದ್ದರೂ ಸರಿ. ಅದೂ ತಿಳಿಯದಿದ್ದರೆ ಕೊಳವೆಗಳನ್ನು ತೆಗೆಸಿಬಿಡು. ಡಾಕ್ಟರು ಇನ್ನೆರಡು ದಿನ ನೋಡೋಣ ಎಂದರೆ, ಎರಡು ದಿನ ಕೊಡು. ಪಾಪ, ಅವರಿಗೂ ಮನಸ್ಸಿರುತ್ತದೆ.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ಅವಳ ಹೊಸ ಕೆಲಸ ಅವಳ ಕೈ ಹಿಡಿಯಲಿ. ನಿಮ್ಮ ಮನೆಯಲ್ಲಿ ಯಾವಾಗಲೂ ಇಬ್ಬರು ಒಟ್ಟಿಗೆ ಮಾತಾಡುತ್ತಿರಲಿ.

ನಿನ್ನ,
ಲಾಯರಮ್ಮ

ಮರೆತಿದ್ದು: ಮಗಳು ಮೊನ್ನೆ ಫೋನ್ ಮಾಡಿದಾಗ, ನನಗೆ ಗೊತ್ತಿದೆ ಎಂದುಕೊಂಡು ನಿನಗಾದ ಗರ್ಭಕೋಶದ ಆಪರೇಷನ್ ಮಾತೆತ್ತಿದಳು. "ಚಿಕ್ಕಮ್ಮ, ನಿಮಗೆ ಅಮ್ಮ ಹೇಳಿರ್ಲಿಲ್ವಾ?" ಎಂದು ಗಾಬರಿಯಾದಳು. ನಾನೇ ಒತ್ತಾಯ ಮಾಡಿ ಬಾಯಿ ಬಿಡಿಸಿದೆ, ಅವಳನ್ನು ಬೈಯಬೇಡ. "ಅವಳಿಗೆ ಹೇಳ್ಬೇಡ ಕಣೇ, ಬಂದ್ರೆ ಡಾಕ್ಟ್ರನ್ನ ನಿಲ್ಲಿಸ್ಕೊಂಡು ಪ್ರಶ್ನೆ ಕೇಳ್ತಾಳೆ. ಸುಮ್ನೆ ಪಕ್ಕದಲ್ಲಿ ಕೂರೋಕೆ ಅವಳಿಗೆ ಬರಲ್ಲ" ಎಂದೆಯಂತೆ. ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ನಿನ್ನ ಜೊತೆ ಕೂತದ್ದು ಎದುರುಮನೆಯವರಂತೆ. ನಿನಗೆ ಬರಲು ಆಗದಿದ್ದರೆ, ಆಗುವುದಿಲ್ಲ ಎಂದಷ್ಟೇ ಬರೆ. ಕಾರಣ ಬರೆಯಬೇಡ.